ಹಲ್ಲಿಗೂ ಹಲ್ಲಿಗೂ ಇರುವ ವ್ಯತ್ಯಾಸ

ನನ್ನ ವಾರಗಿತ್ತಿ ಇನ್ನೊಬ್ಬರ ತಪ್ಪನ್ನು ಮರೆಯುವವಳಲ್ಲ, ತನ್ನ ತಪ್ಪನ್ನು ಒಪ್ಪುವವಳಲ್ಲ. ನಲವತ್ತೊಂದು ವರ್ಷ ಹತ್ತಿರದಿಂದ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ಸಿಟ್ಟಿನಿಂದ ಹೇಳುತ್ತಿಲ್ಲ. ಕೆಲವರಿಗೆ ಎಡಗೈಯಲ್ಲಿ ಬರೆಯುವ ವಾಡಿಕೆ ಇರುತ್ತದಲ್ಲ, ಅವಳಿಗೆ ಇದು ಹಾಗೆ.

ಮೊದಲನೆಯದಕ್ಕೆ ಸಾಕ್ಷಿ ನಾನೇ. ಅವಳು ಮನೆಗೆ ಸೊಸೆಯಾಗಿ ಬಂದ ವರ್ಷ ಎಲ್ಲರೂ ಸೇರಿ ರೈಲಿನಲ್ಲಿ ಹೊರಟಿದ್ದೆವು. ರೈಲು ಏಳನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ನಾನು ಹೇಳಿದೆ. ಎಂಟು ಜನ, ಹನ್ನೊಂದು ಚೀಲ, ಏಳನೆಯದರಲ್ಲಿ ನಿಂತು ನಾಲ್ಕನೆಯದರಿಂದ ಹೊರಟ ರೈಲಿನ ಬೆನ್ನು ನೋಡಿದೆವು. ಪ್ರಾಣಿಶಾಸ್ತ್ರದಲ್ಲಿ ನನಗೆ ಆಗಷ್ಟೇ ಡಾಕ್ಟರೇಟ್ ಬಂದಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ‘ಏಳನೇ ಪ್ಲಾಟ್‌ಫಾರ್ಮ್’ ಎಂದರೆ ಓದಿದವರು ಧೈರ್ಯವಾಗಿ ಮಾಡುವ ತಪ್ಪು ಎಂದು ಅರ್ಥ. ಮಕ್ಕಳು ಅದನ್ನು ಅವಳ ಬಾಯಿಂದ ಕಲಿತರು, ಮೊಮ್ಮಕ್ಕಳು ಮಕ್ಕಳ ಬಾಯಿಂದ. ಮೂಲ ಕತೆ ಗೊತ್ತಿಲ್ಲದವರೂ ಈಗ ಬಳಸುತ್ತಾರೆ.

ಎರಡನೆಯದಕ್ಕೆ ಸಾಕ್ಷಿ ಒಬ್ಬ ವಕೀಲರು. ನನ್ನ ವಾರಗಿತ್ತಿ ಹಲ್ಲಿನ ಸೆಟ್ಟು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿನ ಮೇಲೆ ಮೇಣ ಹಚ್ಚಿ, ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ ಅವಳು ಸೆಟ್ಟು ಮಾಡುತ್ತಾಳೆ. ವಕೀಲರಿಗೆ ಮಾಡಿದ ಮೊದಲನೆಯದು ಸಡಿಲವಾಗಿತ್ತು. ಕೋರ್ಟಿನಲ್ಲಿ ಅವರು ‘ಸಾಕ್ಷ್ಯ’ ಎಂದಾಗಲೆಲ್ಲ ಕೆಳದವಡೆಯೇ ಸಾಕ್ಷಿ ಹೇಳಲು ಎದ್ದು ಬರುತ್ತಿತ್ತಂತೆ. ಅವರು ಬಂದು ದೂರಿದರು.

“ಸೆಟ್ಟು ಸರಿಯಾಗೇ ಇದೆ. ನಿಮ್ಮ ಬಾಯಿ ಕುಗ್ಗಿದೆ” ಅಂದಳು.

“ಹದಿನೈದು ದಿನದಲ್ಲಾ?”

“ಮಾತು ಜಾಸ್ತಿ ಆದ್ರೆ ಸವೆಯುತ್ತೆ. ನಾನೇನು ಮಾಡ್ಲಿ?”

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು. ಹಾಗೆಂದು ಅವಳು ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಅದೇ ಸೆಟ್ಟನ್ನು ಮೂರು ಸಲ ಹೊಸದಾಗಿ ಮಾಡಿಕೊಟ್ಟಳು. ಮೂರು ಸಲವೂ ಕುಗ್ಗಿದ್ದು ವಕೀಲರ ಬಾಯಿಯೇ. ಮೂರನೆಯದನ್ನು ಹಾಕಿಕೊಂಡು ಅವರು ಹದಿನೆಂಟು ವರ್ಷ ವಾದ ಮಾಡಿದರು. ಅವಳ ಹೊರತು ಬೇರೆ ಯಾರ ಕೈಗೂ ಅವರು ಇಂದಿಗೂ ಬಾಯಿ ಕೊಡುವುದಿಲ್ಲ.

ಅವಳು ಓದಿದ್ದು ಹತ್ತನೇ ತರಗತಿ. ಕೆಲಸ ಕಲಿತದ್ದು ತಂದೆಯಿಂದ. ದಂತವೈದ್ಯರ ಕ್ಲಿನಿಕ್ಕಿನ ಪಕ್ಕದಲ್ಲಿ ಆರು ಮೆಟ್ಟಿಲು ಇಳಿದರೆ ಅವಳ ಕೋಣೆ. ಕಿಟಕಿ ಬೀದಿಯ ಮಟ್ಟದಲ್ಲಿದೆ. ಒಳಗೆ ಕೂತವರಿಗೆ ಹೋಗಿಬರುವವರ ಚಪ್ಪಲಿ, ಬೂಟು, ಸೈಕಲ್ಲಿನ ಚಕ್ರ ಮಾತ್ರ ಕಾಣುತ್ತವೆ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಪ್ಲಾಸ್ಟರಿನ ದವಡೆಗಳು. ಗುಲಾಬಿ ಬಣ್ಣದ ಮೇಣದ ಹಾಳೆ, ಸ್ಪಿರಿಟ್ ದೀಪ, ಉಜ್ಜುವ ಮೋಟಾರು, ಎಲ್ಲದರ ಮೇಲೂ ಒಂದು ಪದರ ಬಿಳಿ ಹುಡಿ. ಜನರನ್ನು ಅವಳು ಗುರುತಿಸುವುದು ದವಡೆಯಿಂದ. ಬೀದಿಯಲ್ಲಿ ಯಾರೋ ಮಾತಾಡಿಸಿ ಹೋದರು, ಯಾರು ಎಂದು ಕೇಳಿದರೆ “ಮೇಲೆ ಎಡಗಡೆ ಎರಡಿಲ್ಲ, ಬಲಗಡೆ ಮಾತ್ರ ಅಗೀತಾರಲ್ಲ, ಅವರು” ಎನ್ನುತ್ತಾಳೆ. ಅವಳ ಗಂಡ, ಎಂದರೆ ನನ್ನ ಮೈದುನ, ವಿದ್ಯುತ್ ಕಚೇರಿಯಲ್ಲಿ ಮೀಟರ್ ಓದುತ್ತಿದ್ದವನು. “ನಕ್ಕರೆ ಎಣಿಸ್ತಾಳೆ ಅಂತ ಮದುವೆಯಾದ ಮೇಲೆ ನಾನು ನಕ್ಕೇ ಇಲ್ಲ” ಎಂದು ಅವನ ದೂರು.

ಡೈನೊಸಾರ್ ಅವಳ ಬಾಳಿಗೆ ಬಂದದ್ದೂ ಹಲ್ಲಿನ ಮೂಲಕವೇ. ನಮ್ಮಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಟೈರನೊಸಾರಸ್ ರೆಕ್ಸ್‌ನ ಒಂದು ಹಲ್ಲಿನ ನಕಲು ಇಟ್ಟಿದ್ದರು, ಬೇರೂ ಸೇರಿ ಒಂದು ಅಡಿ ಉದ್ದ. ಗುಡಿಸುವಾಗ ಬಿದ್ದು ಮೂರು ತುಂಡಾಯಿತು. ಮ್ಯೂಸಿಯಂ ಅಧಿಕಾರಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆರು ಮೆಟ್ಟಿಲು ಇಳಿದು ಬಂದರು. ಪ್ಲಾಸ್ಟರ್, ರಾಳ, ಹಲ್ಲು ಮೂರೂ ಗೊತ್ತಿದ್ದವರು ಬೇರೆ ಯಾರಿದ್ದರು? ಅವಳು ಅಂಟಿಸಿದಳು. ಎಲ್ಲಿ ಮುರಿದಿತ್ತು ಎಂದು ಅಧಿಕಾರಿಗೂ ಕಾಣದ ಹಾಗೆ ಅಂಟಿಸಿದಳು. ಆದರೆ ಆ ಹಲ್ಲಿನ ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿದ್ದವು. ಅವು ಯಾಕೆ ಇವೆ ಎಂಬುದು ಅವಳ ತಲೆಗೆ ಹೊಕ್ಕಿತು. ನಮ್ಮ ಭಾಷೆಯ ಆನ್‌ಲೈನ್ ವಿಶ್ವಕೋಶ ತೆರೆದಳು. ಮರುದಿನ ಬೆಳಿಗ್ಗೆ ನಮ್ಮ ಮನೆ ಬಾಗಿಲಲ್ಲಿದ್ದಳು.

“ಅಕ್ಕ, ನಾಲ್ಕು ಸಾಲು ಇದೆ. ಐದು ತಪ್ಪಿದೆ.”

“ನಾಲ್ಕು ಸಾಲಲ್ಲಿ ಐದು ಹೇಗೆ?”

ಅವಳು ಮೊಬೈಲ್ ಮುಂದೆ ಹಿಡಿದಳು. ಹೌದು, ನಾಲ್ಕೇ ಸಾಲು. ಡೈನೊಸಾರ್ ಒಂದು ಭೀಕರ ಹಲ್ಲಿ. ಅದಕ್ಕೆ ಬಾಯಿ ತುಂಬ ಒಂದೇ ಬಗೆಯ ಹಲ್ಲುಗಳಿದ್ದವು. ಅದು ಮಾಂಸ ತಿನ್ನುತ್ತಿತ್ತು. ಈಗ ಅದು ಇಲ.

“ವಿಷಯದ ತಪ್ಪು ನಾಲ್ಕು ಅಂತ ನನ್ನ ಅನುಮಾನ, ನೀವು ಹೇಳಬೇಕು. ಐದನೇದು ಕೊನೇ ಸಾಲಲ್ಲಿ ಒತ್ತು ಬಿಟ್ಟಿರೋದು. ಅದು ನನಗೇ ಗೊತ್ತಾಯ್ತು.”

ನಾನು ನೋಡಿ ಹೇಳಿದೆ. ಅವಳ ಲೆಕ್ಕ ಸರಿಯಿತ್ತು. ಡೈನೊಸಾರ್ ಹಲ್ಲಿಯಲ್ಲ. ಬಾಯಿ ತುಂಬ ಒಂದೇ ಬಗೆಯ ಹಲ್ಲು ಎಲ್ಲಕ್ಕೂ ಇರಲಿಲ್ಲ. ಎಲ್ಲವೂ ಮಾಂಸಾಹಾರಿಗಳೂ ಅಲ್ಲ. ಪೂರ್ತಿ ಅಳಿದೂ ಹೋಗಿಲ್ಲ, ಕಿಟಕಿಯ ಹೊರಗೆ ಕೂತ ಹಕ್ಕಿಗಳು ಅವುಗಳದ್ದೇ ವಂಶ.

“ಇದನ್ನ ಯಾರು ತಿದ್ದಬೇಕು?”

“ಯಾರು ಬೇಕಾದರೂ ತಿದ್ದಬಹುದು.”

“ಯಾರು ಬೇಕಾದರೂ ಅಂದ್ರೆ ಯಾರೂ ಇಲ್ಲ ಅಂತ” ಎಂದು ಎದ್ದು ಹೋದಳು.

ಹೀಗೆ ಶುರುವಾಯಿತು. ಅವಳು ಒಂದೇ ಬೆರಳಿನಲ್ಲಿ ಟೈಪ್ ಮಾಡಲು ಕಲಿತಳು. ಇವತ್ತಿಗೂ ಒಂದೇ ಬೆರಳು. ಅವಳ ಕೀಲಿಮಣೆಯ ಸಂದಿಯಲ್ಲಿ ಪ್ಲಾಸ್ಟರ್ ಹುಡಿ ಕೂತು ‘ಳ’ ಒತ್ತಿದರೆ ಎರಡು ಸಲ ಬೀಳುತ್ತದೆ. ವಿಶ್ವಕೋಶದಲ್ಲಿ ಬರೆಯುವವರು ಒಂದು ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ಅವಳು ‘ದವಡೆ’ ಎಂದು ಇಟ್ಟುಕೊಂಡಳು. ನನ್ನನ್ನೂ ಎಳೆದು ಸೇರಿಸಿದಳು, ನಾನು ‘ನಿವೃತ್ತ’. ಮೂರು ವರ್ಷದಲ್ಲಿ ಡೈನೊಸಾರ್ ಬಳಗ ಎಂದು ಒಂದು ಗುಂಪಾಯಿತು. ಪಟ್ಟಿಯಲ್ಲಿ ಹದಿನಾಲ್ಕು ಹೆಸರಿವೆ, ಕೆಲಸ ಮಾಡುವವರು ನಾಲ್ಕು. ಅವಳು, ನಾನು, ಬಸ್ ಡಿಪೋದಲ್ಲಿ ವೇಳೆ ಬರೆಯುವ ಗುಮಾಸ್ತರೊಬ್ಬರು, ಕನ್ನಡಕದ ಅಂಗಡಿಯವರೊಬ್ಬರು. ಡಿಪೋದವರು ಚಿತ್ರ ಬಿಡಿಸುತ್ತಾರೆ. ಕನ್ನಡಕದವರು ಅಡಿಟಿಪ್ಪಣಿ ಮತ್ತು ಅಕ್ಷರದ ಅಂದ ನೋಡಿಕೊಳ್ಳುತ್ತಾರೆ; ಒಂದು ಒತ್ತಕ್ಷರ ಜಾಗ ತಪ್ಪಿ ಅಂಟಿಕೊಂಡಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಅವಳ ಕೈಕೆಳಗೆ ಕೆಲಸ ಮಾಡುವುದು ಸುಲಭವಲ್ಲ. ಡಿಪೋದವರು ತಂದ ಮೊದಲ ಚಿತ್ರದಲ್ಲಿ ಪ್ರಾಣಿಯ ಅಂಗೈಗಳು ನೆಲದ ಕಡೆ ತಿರುಗಿದ್ದವು. ಅದು ತಪ್ಪು, ಆ ಜಾತಿಯ ಅಂಗೈಗಳು ಒಂದಕ್ಕೊಂದು ಎದುರಾಗಿರಬೇಕು ಎಂದು ನಾನು ಹೇಳಿದೆ. ಅವಳು ಅದನ್ನು ಅವರಿಗೆ ಹೀಗೆ ದಾಟಿಸಿದಳು: “ಚಪ್ಪಾಳೆ ತಟ್ಟೋ ಕೈ ಬೇಕು. ನೀವು ಮೇಜು ಕುಟ್ಟೋ ಕೈ ಬರೆದಿದ್ದೀರಿ.” ಕೈ ಸರಿಯಾಯಿತು. ಆಮೇಲೆ ಬಾಯಿ. ಮೇಲಿನ ಹಲ್ಲು ಕೆಳಗಿನದಕ್ಕೆ ಕೂರುತ್ತಿರಲಿಲ್ಲ.

“ಈ ಕಚ್ಚು ಇದ್ರೆ ನಿಮ್ಮ ಪ್ರಾಣಿ ಉಪವಾಸ ಸಾಯುತ್ತೆ.”

“ಆರೂವರೆ ಕೋಟಿ ವರ್ಷದ ಹಿಂದೇನೇ ಸತ್ತಿದೆಯಲ್ಲಮ್ಮ.”

“ಹಸಿವಿಂದ ಸತ್ತಿಲ್ಲ.”

ಅವರು ಹನ್ನೊಂದು ಸಲ ಬರೆದರು. ಹನ್ನೊಂದನೆಯದನ್ನು ನೋಡಿ ಅವಳು “ಊಟ ಮಾಡುತ್ತೆ” ಎಂದಳು. ಅದು ಅವಳ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ.

ವಿಶ್ವಕೋಶದಲ್ಲಿ ಏನು ತಿದ್ದಿದರೂ ಕೆಳಗೆ ಒಂದು ಖಾಲಿ ಸಾಲು ಇರುತ್ತದೆ. ಏನು ತಿದ್ದಿದಿರಿ ಎಂದು ಅಲ್ಲಿ ಬರೆಯಬೇಕು. ಅದು ಇತಿಹಾಸದ ಪುಟದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಯಾರು ಬೇಕಾದರೂ ಓದಬಹುದು. ಉಳಿದವರು ‘ಅಕ್ಷರದೋಷ’ ಎಂದು ಬರೆದು ಮುಗಿಸುತ್ತಾರೆ. ಅವಳು ಹಾಗಲ್ಲ. ‘ಡಿಪೋದವರು ಎಡಬಲ ಅದಲುಬದಲು ಮಾಡಿದ್ದು, ಇದು ಮೂರನೇ ಸಲ.’ ‘ಕನ್ನಡಕದವರು ಕನ್ನಡಕ ಹಾಕದೆ ಬರೆದದ್ದು.’ ‘ನಿವೃತ್ತ ಅವರ ಏಳನೇ ಪ್ಲಾಟ್‌ಫಾರ್ಮ್.’ ಮೂರು ವರ್ಷದ ನಮ್ಮ ತಪ್ಪುಗಳೆಲ್ಲ ತಾರೀಖು, ಗಂಟೆ, ನಿಮಿಷ ಸಮೇತ ಅಲ್ಲಿವೆ. ಅವಳ ತಪ್ಪುಗಳ ತಿದ್ದುಪಡಿಯೂ ಇದೆ. ಅಲ್ಲಿ ಮಾತ್ರ ‘ಇನ್ನೂ ಚೆನ್ನಾಗಿ ಮಾಡಿದೆ’ ಎಂದಿರುತ್ತದೆ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು. ಬೇರೆ ಭಾಷೆಯ ಸಂಶೋಧನಾ ಪ್ರಬಂಧಗಳನ್ನು ನಾನು ಓದಿ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಒಂದು ಪ್ರಬಂಧದಲ್ಲಿ ಸಸ್ಯಾಹಾರಿ ಡೈನೊಸಾರ್‌ನ ದವಡೆಯ ಫೋಟೊ ಇತ್ತು, ಕೆಳಗೆ ‘ಬಲ ದವಡೆ’ ಎಂದು ಬರೆದಿತ್ತು. ಅವಳು ಭೂತಗನ್ನಡಿ ಹಿಡಿದು ನೋಡಿ “ಇದು ಎಡದ್ದು” ಎಂದಳು. ನಾನು ನಕ್ಕೆ. ಮೂವರು ವಿದ್ವಾಂಸರು ಬರೆದ ಪ್ರಬಂಧ ಅದು.

“ಹಲ್ಲು ಸವೆದಿರೋ ಓರೆ ನೋಡಿ ಅಕ್ಕ. ಫೋಟೊ ಮಗುಚಿ ಅಚ್ಚಾಗಿದೆ. ಎಡದ ಹಲ್ಲನ್ನ ಬಲಕ್ಕೆ ಕೂರಿಸಿದ ದಿನ ನಮ್ಮಪ್ಪ ನನಗೆ ಊಟ ಹಾಕ್ತಿರಲಿಲ್ಲ.”

ನಾನು ಆ ವಿದ್ವಾಂಸರಿಗೆ ಪತ್ರ ಬರೆದೆ. ಆರು ವಾರದ ಮೇಲೆ ಉತ್ತರ ಬಂತು. ಫೋಟೊ ಮಗುಚಿ ಅಚ್ಚಾಗಿತ್ತು. ಮೂವತ್ನಾಲ್ಕು ವರ್ಷ ಅಂಗರಚನೆಯ ಪಾಠ ಹೇಳಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

‘ಡೈನೊಸಾರ್‌ಗಳ ಹಲ್ಲು’ ಎಂಬ ಲೇಖನಕ್ಕೆ ಅವಳು ಎಂಟು ತಿಂಗಳು ತೆಗೆದುಕೊಂಡಳು. ಅವುಗಳಿಗೆ ಹಲ್ಲು ಬಿದ್ದಂತೆಲ್ಲ ಬಾಳಿನುದ್ದಕ್ಕೂ ಹೊಸದು ಬರುತ್ತಿತ್ತು. ಕೆಲವಕ್ಕೆ ಒಂದೊಂದು ದವಡೆಯಲ್ಲಿ ನೂರಾರು ಹಲ್ಲು ಇಟ್ಟಿಗೆ ಪೇರಿಸಿದಂತೆ ಇದ್ದವು. ಹಲ್ಲನ್ನು ಕೊಯ್ದು ನೋಡಿದರೆ ದಿನಕ್ಕೊಂದರಂತೆ ಗೆರೆಗಳು ಸಿಗುತ್ತವೆ. “ಇವಕ್ಕೆ ನನ್ನಂಥೋರ ಗರಜೇ ಇರಲಿಲ್ಲ” ಎಂದು ಅವಳು ಗೌರವದಿಂದ ಹೇಳುತ್ತಿದ್ದಳು. ಆ ಲೇಖನದಲ್ಲಿ ಅವಳಿಗೆ ತುಂಬ ಇಷ್ಟವಾದ ವಾಕ್ಯ ಒಂದಿತ್ತು: ‘ಹಲ್ಲಿಯ ಹಲ್ಲಿಗೂ ಡೈನೊಸಾರ್‌ನ ಹಲ್ಲಿಗೂ ಇರುವ ವ್ಯತ್ಯಾಸ ಬೇರಿನಲ್ಲಿದೆ.’ ಬಹುಪಾಲು ಹಲ್ಲಿಗಳ ಹಲ್ಲು ದವಡೆಯ ಎಲುಬಿಗೆ ಅಂಟಿಕೊಂಡಿರುತ್ತದೆ; ಡೈನೊಸಾರ್‌ನದು ನಮ್ಮ ಹಾಗೆ, ಮೊಸಳೆಯ ಹಾಗೆ, ಗುಳಿಯಲ್ಲಿ ನಾಟಿರುತ್ತದೆ. ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳಿದೆ ಎಂದು ಅವಳಿಗೆ ಹೆಮ್ಮೆ.

ವಿಶ್ವಕೋಶದಲ್ಲಿ ಒಳ್ಳೆಯ ಲೇಖನಕ್ಕೆ ನಕ್ಷತ್ರ ಕೊಡುತ್ತಾರೆ. ಲೇಖನವನ್ನು ಪರೀಕ್ಷೆಗೆ ಒಡ್ಡಬೇಕು. ಪರೀಕ್ಷಕರ ಆಕ್ಷೇಪಗಳಿಗೆಲ್ಲ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಇಲ್ಲವಾದರೆ ಬಿತ್ತು, ಇನ್ನೊಂದು ವರ್ಷ ಅದರ ಮಾತಿಲ್ಲ. ಅವಳಿಗೆ ಬೇಕಾಗಿದ್ದದ್ದು ನಕ್ಷತ್ರವಲ್ಲ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ, ಅವಳು ಅಂಟಿಸಿದ ಹಲ್ಲಿನ ಪಕ್ಕದಲ್ಲೇ, ಒಂದು ಹಳೆಯ ಕಾರ್ಡ್ ಇತ್ತು: ‘ಭೀಕರ ಹಲ್ಲಿಯ ಹಲ್ಲು.’ ಮ್ಯೂಸಿಯಂನವರು ಎಲ್ಲ ಕಾರ್ಡುಗಳನ್ನೂ ಹೊಸದಾಗಿ ಅಚ್ಚು ಹಾಕಿಸುವವರಿದ್ದರು. ಅಧಿಕಾರಿ ನಿಯಮದ ಮನುಷ್ಯ. “ವಿಶ್ವಕೋಶದಲ್ಲಿ ನಕ್ಷತ್ರ ಬಂದ್ರೆ ನಿಮ್ಮ ಲೇಖನದ ಮೊದಲ ಸಾಲನ್ನೇ ಹಾಕಿಸ್ತೀನಿ. ಇಲ್ಲಾಂದ್ರೆ ಹಳೇದೇ ಹೋಗುತ್ತೆ. ಸೋಮವಾರ ಬೆಳಿಗ್ಗೆ ಪಟ್ಟಿ ಪ್ರೆಸ್ಸಿಗೆ ಹೋಗಬೇಕು” ಎಂದಿದ್ದರು. ಇನ್ನೊಮ್ಮೆ ಅಚ್ಚು ಹಾಕಿಸುವುದು ಹತ್ತು ವರ್ಷದ ಮೇಲೆ. ಲೇಖನದ ಮೂವತ್ತನೆಯ ದಿನ ಭಾನುವಾರ ಬಿತ್ತು. ಸಂಜೆ ಆರು ಗಂಟೆಯೇ ಗಡುವು.

ಪರೀಕ್ಷಕರು ಯಾರೋ ನಮಗೆ ಗೊತ್ತಿಲ್ಲ. ‘ಮುಳ್ಳುಹಂದಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಹೆಸರಿಗೆ ತಕ್ಕ ಹಾಗಿದ್ದರು. ಭಾನುವಾರ ಬೆಳಿಗ್ಗೆ ಅವರ ಕೊನೆಯ ಮೂರು ಮುಳ್ಳು ಬಂದವು. ಒಂದು, ಅಡಿಟಿಪ್ಪಣಿಗಳಲ್ಲಿ ಪುಟಸಂಖ್ಯೆ ಇಲ್ಲ. ಎರಡು, ಚಿತ್ರಗಳ ಕೆಳಗಿನ ಬರಹ ಸಾಲದು. ಮೂರು, ಹಿಂದೆ ಬೇರೆ ಸದಸ್ಯರು ಬರೆದ ಲೇಖನಗಳಿಂದ ತಂದು ಸೇರಿಸಿದ ಭಾಗಗಳಲ್ಲಿ ಡೈನೊಸಾರ್ ಅನ್ನು ಇನ್ನೂ ಹಲ್ಲಿ ಎಂದೇ ಕರೆಯಲಾಗಿದೆ, ಅಂಥವನ್ನೆಲ್ಲ ತೆಗೆಯಬೇಕು.

ಅವಳು ಫೋನಿನಲ್ಲೇ ಕೆಲಸ ಹಂಚಿದಳು. ಪುಟಸಂಖ್ಯೆ ಕನ್ನಡಕದವರಿಗೆ, ಚಿತ್ರ ಡಿಪೋದವರಿಗೆ, ಹಲ್ಲಿ ನನಗೆ. ಅವಳಿಗೆ ಮಧ್ಯಾಹ್ನದವರೆಗೆ ಬಿಡುವಿರಲಿಲ್ಲ. ಅದೇ ವಕೀಲರಿಗೆ ಮರುದಿನ ದೊಡ್ಡ ಮೊಕದ್ದಮೆ, ಹೊಸ ಸೆಟ್ಟು ಆಗಲೇಬೇಕಿತ್ತು.

“ಅಕ್ಕ, ಇಪ್ಪತ್ತು ಇಪ್ಪತ್ತೈದು ಕಡೆ ಇರಬಹುದು. ಒಂದೊಂದೇ ಓದಿ ತೆಗೀರಿ. ಸಾರಾಸಗಟಾಗಿ ಬೇಡ.”

“ನನಗೆ ಹೇಳಿಕೊಡಬೇಡ” ಎಂದೆ.

ಹುಡುಕಿ ಎಲ್ಲ ಕಡೆ ಒಟ್ಟಿಗೆ ಬದಲಿಸುವ ಸೌಲಭ್ಯವೊಂದು ಅಲ್ಲಿದೆ. ‘ಹಲ್ಲಿ’ ಎಂದು ಬರೆದೆ, ಅದರ ಜಾಗಕ್ಕೆ ‘ಡೈನೊಸಾರ್’ ಎಂದು ಬರೆದೆ, ಗುಂಡಿ ಒತ್ತಿದೆ. ನೂರ ಹದಿನೆಂಟು ಕಡೆ ಬದಲಾಗಿದೆ ಎಂದು ಬಂತು. ಇಪ್ಪತ್ತೈದು ಇರಬೇಕಾದದ್ದು ನೂರ ಹದಿನೆಂಟು ಹೇಗಾಯಿತು ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಊಟ ಮಾಡಿ ಮಲಗಿದೆ.

ಮೂರೂ ಮುಕ್ಕಾಲಿಗೆ ಫೋನ್ ಬಂತು.

“ಅಕ್ಕ, ಮೊಸಳೆಯ ಡೈನೊಸಾರ್ ಅಂದ್ರೆ ಏನು?”

“ಏನು?”

“‘ಮೊಸಳೆಯ ಡೈನೊಸಾರ್‌ನಂತೆ ಗುಳಿಯಲ್ಲಿ ನಾಟಿರುತ್ತದೆ’ ಅಂತಿದೆ. ಬನ್ನಿ.”

ನಡೆದು ಹೋಗುವ ಹತ್ತು ನಿಮಿಷದಲ್ಲಿ ನನಗೆ ಎಲ್ಲ ಅರ್ಥವಾಯಿತು. ಹಲ್ಲು ಎಂಬ ಪದ ಒಂಟಿಯಾಗಿ ನಿಂತಾಗ ಹಲ್ಲು. ಅದಕ್ಕೆ ಪ್ರತ್ಯಯ ಹತ್ತಿತೋ ಹಲ್ಲಿಯ ವೇಷ ಹಾಕುತ್ತದೆ: ಹಲ್ಲಿನ, ಹಲ್ಲಿಗೆ, ಹಲ್ಲಿಲ್ಲದ. ಹಲ್ಲಿಗೆ ಎಂದರೆ ಹಲ್ಲು ಎಂಬುದಕ್ಕೋ, ಗೋಡೆಯ ಮೇಲಿನ ಹಲ್ಲಿಗೋ, ಮುಂದೆ ಹಿಂದೆ ಓದದೆ ಹೇಳಲು ಬರುವುದಿಲ್ಲ. ಯಂತ್ರ ಓದುವುದಿಲ್ಲ. ನಾನೂ ಓದಿರಲಿಲ್ಲ.

ಆರು ಮೆಟ್ಟಿಲು ಇಳಿದಾಗ ಉಳಿದಿಬ್ಬರೂ ಅಲ್ಲಿದ್ದರು. ಡಿಪೋದವರು ಓದುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ.

“‘ಡೈನೊಸಾರ್‌ನ ಬುಡದಲ್ಲಿ ಹೊಸ ಹಲ್ಲು ಮೊಳೆಯುತ್ತದೆ.’ ‘ಡೈನೊಸಾರ್‌ಗೆ ಅಂಟಿಕೊಂಡ ಸೊಪ್ಪಿನ ಚೂರು.’ ಕೇಳಿ ಮೇಡಂ, ಇದನ್ನ ಕೇಳಿ. ‘ಡೈನೊಸಾರ್‌ನ ಡೈನೊಸಾರ್‌ಗೂ ಡೈನೊಸಾರ್‌ನ ಡೈನೊಸಾರ್‌ಗೂ ಇರುವ ವ್ಯತ್ಯಾಸ ಬೇರಿನಲ್ಲಿದೆ.’ ಇನ್ನು ಗಾದೇನೂ ಬದಲಾಯಿಸಬೇಕು. ಕಡಲೆ ಇದ್ದಾಗ ಡೈನೊಸಾರ್ ಇಲ್ಲ.”

ಅವಳು ನಗಲಿಲ್ಲ. ಒಂದು ಕೈಯಲ್ಲಿ ವಕೀಲರ ಕೆಳದವಡೆ ಹಿಡಿದುಕೊಂಡು ಪರದೆ ನೋಡುತ್ತಿದ್ದಳು.

“ನಾನು ಮಾಡಿದ್ದನ್ನು ಅಳಿಸಿಬಿಡಿ. ಹಿಂದಿನ ರೂಪಕ್ಕೆ ಹೋಗಿ” ಎಂದೆ.

“ಆಗಲ್ಲ” ಎಂದರು ಕನ್ನಡಕದವರು. ಅವರ ಮುಖ ಸಪ್ಪೆಯಾಗಿತ್ತು. “ನೀವು ಬದಲಿಸಿದ ಮೇಲೆ ನಾವಿಬ್ಬರೂ ಅದರ ಮೇಲೇನೇ ನಲವತ್ತು ಸಲ ತಿದ್ದಿದ್ದೀವಿ. ಪುಟಸಂಖ್ಯೆ, ಚಿತ್ರದ ಬರಹ, ಎಲ್ಲಾ. ಹಿಂದಕ್ಕೆ ಹೋದ್ರೆ ಅದೂ ಹೋಗುತ್ತೆ.”

“ಹಾಗಾದ್ರೆ ನಾನು ಬದಲಿಸಿದ ಪದಗಳನ್ನೇ ಹುಡುಕಿ. ಅವು ಅಂಟಿಕೊಂಡಿರಬೇಕಲ್ಲ, ರ್ ಮೇಲೆ ನ ಕೂತು.”

ಅವರು ಇನ್ನೂ ಸಪ್ಪಗಾದರು. “ಅಂಟಿಕೊಂಡಿದ್ದವು. ಅಕ್ಷರದ ತೊಡಕು ಅಂದುಕೊಂಡು ನಾನೇ ಎಲ್ಲಾನೂ ಬಿಡಿಸಿ ನೀಟಾಗಿ ಬರೆದುಬಿಟ್ಟೆ. ಈಗ ನಿಜವಾದ ಡೈನೊಸಾರ್ ಯಾವುದು, ಹಲ್ಲು ಯಾವುದು, ಒಂದೂ ಗೊತ್ತಾಗಲ್ಲ.”

“ನೂರು ಸಲ ಬಿಡಿಸುವಾಗ ಒಂದು ಸಲ ಓದಲಿಲ್ವಾ?” ಎಂದು ಡಿಪೋದವರು ಕೇಳಿದರು.

“ನಾನು ಅಕ್ಷರ ನೋಡ್ತೀನಿ, ಅರ್ಥ ನೋಡಲ್ಲ.”

“ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು.”

“ಸಾಕು” ಎಂದಳು ನನ್ನ ವಾರಗಿತ್ತಿ. “ನಾಲ್ಕು ಗಂಟೆ. ಎರಡು ಗಂಟೆ ಇದೆ. ನಾನು ಗಟ್ಟಿಯಾ ಓದ್ತೀನಿ, ನೀವು ಮೂರು ಜನ ಮೂರು ಭಾಗ ಹಂಚಿಕೊಂಡು ನಿಮ್ಮ ನಿಮ್ಮ ಫೋನಲ್ಲಿ ತಿದ್ದಿ. ಎಲ್ಲಿ ಹಲ್ಲು, ಎಲ್ಲಿ ಅಲ್ಲ ಅಂತ ನಾನು ಹೇಳ್ತೀನಿ. ಒಂದು ಭಾಗ ಆದ ಕೂಡಲೇ ನನಗೆ ಕೊಡಿ, ನಾನೇ ಉಳಿಸ್ತೀನಿ.”

ಅವಳು ಓದಿದಳು. ಓದಿದಳು ಎನ್ನುವುದು ಸರಿಯಲ್ಲ, ಪರದೆಯನ್ನು ಆಗಾಗ ಮಾತ್ರ ನೋಡುತ್ತಿದ್ದಳು. ಎಂಟು ತಿಂಗಳು ಒಂದು ಬೆರಳಿನಲ್ಲಿ ಬರೆದ ವಾಕ್ಯಗಳು ಅವಳಿಗೆ ಬಾಯಿಪಾಠವಾಗಿದ್ದವು. ಕೈಗಳು ವಕೀಲರ ದವಡೆಯಲ್ಲಿ, ಬಾಯಿ ಡೈನೊಸಾರ್‌ನ ದವಡೆಯಲ್ಲಿ. “‘ಪ್ರತಿಯೊಂದು ಹಲ್ಲಿಗೆ’, ಅದು ಹಲ್ಲು. ‘ಡೈನೊಸಾರ್‌ಗೆ ತುಟಿ ಇತ್ತೇ’, ಅದು ಡೈನೊಸಾರೇ, ಬಿಡಿ. ‘ಹಲ್ಲಿಲ್ಲದ ಕೊಕ್ಕು’, ಹಲ್ಲು. ಅಕ್ಕ, ಆತುರ ಬೇಡ, ಮುಂದಿನದು ಹಲ್ಲಿ, ನಿಜವಾದ ಹಲ್ಲಿ, ಗೋಡೆ ಮೇಲಿಂದು.” ಒಂದು ಸಲವೂ ತಡವರಿಸಲಿಲ್ಲ. ಕಿಟಕಿಯಾಚೆ ಭಾನುವಾರದ ಬೂಟುಗಳು ನಿಧಾನವಾಗಿ ಹೋಗುತ್ತಿದ್ದವು. ಅವಳ ಗಂಡ ಟೀ ತಂದಿಟ್ಟ, ಯಾರೂ ಕುಡಿಯಲಿಲ್ಲ. ಐದೂವರೆಗೆ ಡಿಪೋದವರು ತಮಾಷೆ ನಿಲ್ಲಿಸಿದರು.

ಐದು ಐವತ್ತೆರಡಕ್ಕೆ ಕೊನೆಯ ಭಾಗ ಉಳಿಸಿದಳು. ಆಮೇಲೆ ಯಂತ್ರವನ್ನು ಕನ್ನಡಕದವರ ಕಡೆ ತಿರುಗಿಸಿ, ಉಜ್ಜುವ ಮೋಟಾರು ಹಾಕಿಕೊಂಡು ಸೆಟ್ಟಿನ ಅಂಚು ನಯಗೊಳಿಸಲು ಕೂತಳು. ಆ ಸದ್ದಿನಲ್ಲಿ ಮಾತಾಡುವಂತಿರಲಿಲ್ಲ. ಆರು ಗಂಟೆ ಮೂರು ನಿಮಿಷಕ್ಕೆ ಕನ್ನಡಕದವರು ಕೈ ಎತ್ತಿದರು. ಲೇಖನದ ಮೂಲೆಯಲ್ಲಿ ನಕ್ಷತ್ರ ಬಂದಿತ್ತು. ಅವಳು ಮೋಟಾರು ನಿಲ್ಲಿಸಿ, ಬಗ್ಗಿ ನೋಡಿ, “ಸಣ್ಣದಿದೆ” ಎಂದು ಮತ್ತೆ ಹಾಕಿದಳು.

ನಾನು ಹೊರಡುವಾಗ ‘ಏಳನೇ ಪ್ಲಾಟ್‌ಫಾರ್ಮ್’ ಬರುತ್ತದೆ ಎಂದು ಮೆಟ್ಟಿಲಲ್ಲಿ ಒಂದು ಕ್ಷಣ ನಿಂತೆ. ನ್ಯಾಯವಾಗಿ ಬರಬೇಕಾಗಿತ್ತು. “ಮೇಲಿನ ಮೆಟ್ಟಿಲು ಜಾರುತ್ತೆ, ನೋಡಿಕೊಂಡು ಹೋಗಿ” ಎಂದಳು, ಅಷ್ಟೆ.

ಮೂರು ವಾರದ ಮೇಲೆ ಮ್ಯೂಸಿಯಂಗೆ ಹೋದೆ. ಹೊಸ ಕಾರ್ಡ್ ಬಂದಿತ್ತು. ‘ಡೈನೊಸಾರ್‌ಗಳ ಹಲ್ಲು: ಬಿದ್ದಂತೆಲ್ಲ ಮತ್ತೆ ಹುಟ್ಟುತ್ತಿದ್ದ, ಗುಳಿಯಲ್ಲಿ ನಾಟಿದ ಹಲ್ಲು.’ ಒತ್ತುಗಳೆಲ್ಲ ಇದ್ದವು. ಗಾಜಿನ ಮೇಲೆ ಒಂದು ಬೆರಳಿನ ಗುರುತು ಬಿಳಿಯಾಗಿತ್ತು, ಪ್ಲಾಸ್ಟರಿನದು. ಅವಳು ನನಗಿಂತ ಮೊದಲು ಬಂದು ಹೋಗಿದ್ದಳು.

ಮನೆಗೆ ಬಂದು ನಾನು ಲೇಖನದ ಇತಿಹಾಸದ ಪುಟ ತೆರೆದೆ. ಅವಳು ಬಾಯಲ್ಲಿ ಹೇಳದೆ ಬಿಟ್ಟದ್ದನ್ನು ಆ ಸಾಲಿನಲ್ಲಿ ಬರೆಯದೆ ಬಿಟ್ಟಿರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ನೂರರ ಹತ್ತಿರ ತಪ್ಪು. ನಾನು ಸತ್ತ ಮೇಲೂ ಅಲ್ಲಿ ಉಳಿಯುವಂಥದ್ದು. ಏನೆಂದು ಬರೆದಿದ್ದಾಳೋ ತಿಳಿದಿರಲಿ ಎಂದು ನೋಡಿದೆ. ಆ ಸಂಜೆಯ ಮೂರೂ ತಿದ್ದುಪಡಿಗಳ ಕೆಳಗೆ ಒಂದೇ ಮಾತಿತ್ತು: ‘ಅಕ್ಷರದೋಷ.’

ಚರ್ಚೆಯ ಪುಟವನ್ನು ನಾನು ಸಾಮಾನ್ಯವಾಗಿ ನೋಡುವುದಿಲ್ಲ. ಅಂದು ನೋಡಿದೆ. ಭಾನುವಾರ ಮಧ್ಯಾಹ್ನ ಮೂರು ಇಪ್ಪತ್ತೊಂಬತ್ತಕ್ಕೆ ಮುಳ್ಳುಹಂದಿ ಬರೆದಿದ್ದರು: ‘ಸದಸ್ಯ ನಿವೃತ್ತ ಲೇಖನವನ್ನು ಹಾಳುಗೆಡವಿದ್ದಾರೆ. ಇದು ಅಜ್ಞಾನ ಅಥವಾ ಕಿಡಿಗೇಡಿತನ. ಇವರನ್ನು ಬರೆಯದಂತೆ ತಡೆಯಬೇಕೆಂದು ಸೂಚಿಸುತ್ತೇನೆ.’

ಅದರ ಕೆಳಗೆ ಮೂರು ಮೂವತ್ತೆರಡಕ್ಕೆ, ಎಂದರೆ ನನಗೆ ಫೋನ್ ಮಾಡುವುದಕ್ಕೆ ಹದಿಮೂರು ನಿಮಿಷ ಮೊದಲು, ದವಡೆ ಬರೆದಿದ್ದಳು: ‘ಸಾರಾಸಗಟಾಗಿ ಬದಲಿಸಿ ಎಂದು ನಾನೇ ಹೇಳಿದ್ದು. ಅವರು ನಾನು ಹೇಳಿದಂತೆ ಮಾಡಿದ್ದಾರೆ. ತಪ್ಪು ನನ್ನದು. ಆರರೊಳಗೆ ಸರಿಮಾಡುತ್ತೇನೆ.’ ಅವಸರದಲ್ಲಿ ‘ಹೇಳಿದ್ದು’ ಎಂಬಲ್ಲಿ ‘ಳ’ ಎರಡು ಸಲ ಬಿದ್ದಿತ್ತು.

ಆರು ಗಂಟೆ ನಾಲ್ಕು ನಿಮಿಷಕ್ಕೆ ಮುಳ್ಳುಹಂದಿ: ‘ಲೇಖನ ಸ್ವೀಕೃತ. ಆದರೆ ದವಡೆ ಅವರ ಅಜಾಗರೂಕತೆ ಕ್ಷಮಾರ್ಹವಲ್ಲ. ಇನ್ನು ಮುಂದೆ ಇಂಥ ಸೂಚನೆ ಕೊಡುವ ಮೊದಲು ಭಾಷೆ ಬಲ್ಲವರನ್ನು ಕೇಳಬೇಕು.’

ಅದಕ್ಕೆ ಆರು ಗಂಟೆ ಇಪ್ಪತ್ತಕ್ಕೆ ಒಂದು ಉತ್ತರವಿತ್ತು. ಅಷ್ಟು ಹೊತ್ತಿಗೆ ಉಳಿದವರೆಲ್ಲ ಮನೆಗೆ ಹೋಗಿದ್ದರು, ವಕೀಲರ ಹಲ್ಲು ನೀರಿನ ಬಟ್ಟಲಿಗೆ ಬಿದ್ದಿತ್ತು.

‘ಆಗಲಿ’ ಎಂದು ಬರೆದಿದ್ದಳು.